ಕಂಪನಿಗೆ ಮುಯ್ಯಾಳು ಇಲ್ಲ

ಅವರೆಕಾಯಿಗೆ ಸೊಗಡು ಕೂತಿದ್ದ ಕಾಲ. ರಾಗಿ ಕೊಯ್ದು ಮೆದೆ ಒಟ್ಟಿಯಾಗಿತ್ತು, ಹೊಲದಲ್ಲಿ ಕೂಳೆ ಮಾತ್ರ ಉಳಿದಿತ್ತು. ಬೆಳಗಿನ ಹತ್ತರ ಸುಮಾರು. ಕುದೂರಿನಿಂದ ತಿಪ್ಪಸಂದ್ರದ ಕಡೆಗೆ ಹೋಗುವ ಬಸ್ಸು ಊರ ಮುಂದೆ ಹಾರ್ನ್ ಹೊಡೆದು ಆಗಷ್ಟೇ ಹೋಗಿತ್ತು. ಬೈರಮ್ಮ ಹಿತ್ತಲ ಒಲೆಯ ಮುಂದೆ ಕೂತು, ಮಜ್ಜಿಗೆ ಚಿಮುಕಿಸಿ ನೆರಳಲ್ಲಿ ಆರಿಸಿದ್ದ ರಾಗಿಯನ್ನು ಬಾಂಡ್ಲಿಯಲ್ಲಿ ಹುರಿಯುತ್ತಿದ್ದಳು. ರಾಗಿ ಬೆಳ್ಳಗೆ ಅರಳಿ ಸಿಡಿಯುತ್ತಿತ್ತು. ಕೊಟ್ಟಿಗೆಯಲ್ಲಿ ಓಡುತ್ತಿದ್ದ ಹಿಟ್ಟಿನ ಮಿಷನ್ನಿನ ಸದ್ದು ಇದ್ದಕ್ಕಿದ್ದ ಹಾಗೆ ದಪ್ಪಗಾಯಿತು, ಗಂಟಲಲ್ಲಿ ಏನೋ ಸಿಕ್ಕಿಕೊಂಡವರಂತೆ. ಅದರ ಹಿಂದೆಯೇ 'ಬೈರಕ್ಕಾ' ಎಂದು ಒಂದೇ ಸಲ ನಾಗಲಕ್ಷ್ಮಮ್ಮನ ದನಿ. ಕಿರುಚಿದ್ದಲ್ಲ, ಕರೆದದ್ದು. ಬೇಲಿಯಾಚೆಯಿಂದ ಒಸಿ ಉಪ್ಪು ಕೇಳಲು ಕರೆಯುತ್ತಾಳಲ್ಲ, ಹಾಗೆ.

ಬೈರಮ್ಮ ಓಡಿಹೋಗುವಷ್ಟರಲ್ಲಿ ದೊಡ್ಡ ಮಗ ಸ್ವಾಮಿ ಕರೆಂಟು ಕಿತ್ತಿದ್ದ. ನಾಗಲಕ್ಷ್ಮಮ್ಮನ ಸೆರಗು ಬೆಲ್ಟಿಗೆ ಸಿಕ್ಕಿ, ಸೆರಗು ಬಿಡಿಸಲು ಹೋದ ಬಲಗೈ ಸೆರಗಿನ ಹಿಂದೆಯೇ ಹೋಗಿತ್ತು. ಬೆಲ್ಟಿಗೆ ಮುಚ್ಚುವ ಕಬ್ಬಿಣದ ತಡೆ ಗೋಡೆಗೆ ಒರಗಿ ನಿಂತಿತ್ತು. ಬೆಲ್ಟು ಪದೇ ಪದೇ ಜಾರುತ್ತದೆ, ಸರಿಮಾಡಲು ಪ್ರತಿಸಲ ಬಿಚ್ಚುವುದು ರೇಜಿಗೆ ಎಂದು ಸ್ವಾಮಿ ಅದನ್ನು ಮಳೆಗಾಲದಲ್ಲೇ ತೆಗೆದಿಟ್ಟಿದ್ದ. ಮನೆಯವರೆಲ್ಲ ದಿನವೂ ಅದನ್ನು ನೋಡಿಕೊಂಡೇ ಓಡಾಡುತ್ತಿದ್ದರು.

ಚಿಕ್ಕ ಮಗ ಮನೋಹರ ವ್ಯಾನು ತಂದ. ಬೈರಮ್ಮ ನಾಗಲಕ್ಷ್ಮಮ್ಮನ ಕೈಯನ್ನು ಪಂಚೆಯಲ್ಲಿ ಸುತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕುದೂರು ದಾಟಿದ ಮೇಲೆ ಮನೋಹರ ಹಿಂದಕ್ಕೆ ತಿರುಗದೆ ಹೇಳಿದ.

"ಚಿಕ್ಕವ್ವ, ಆಸ್ಪತ್ರೇಲಿ ಕೇಳ್ತಾರೆ. ಮನೇಲಿ ಮೇವು ಕತ್ತರಿಸೋ ಮಿಷನ್ನಿಗೆ ಕೈ ಕೊಟ್ಬುಟ್ಟೆ ಅನ್ನು. ನಮ್ ಮಿಷನ್ನು ಅಂದ್ರೆ ಪೊಲೀಸು, ಕೇಸು ಅಂತ ಎಳೆದಾಡ್ತಾರೆ. ನಿನ್ ಕೈ ನೋಡೋದೂ ತಡ ಆಯ್ತದೆ."

ನಾಗಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದಳು. ಬೈರಮ್ಮ ಕೇಳಿಸಿಕೊಂಡಳು.  ಏನೂ ಹೇಳಲಿಲ್ಲ.

ಆಸ್ಪತ್ರೆಯ ಕಾಗದದಲ್ಲಿ ಮೇವಿನ ಮಿಷನ್ನು ಎಂದೇ ಮನೋಹರ ಬರೆಸಿದ. ತೋರುಬೆರಳೂ ನಡುಬೆರಳೂ ಉಳಿಯಲಿಲ್ಲ.

ನಾಗಲಕ್ಷ್ಮಮ್ಮ ಆ ಮನೆಗೆ ಕೂಲಿಯವಳಲ್ಲ. ಮುಯ್ಯಾಳಾಗಿ ಬಂದವಳು. ಆ ಕಡೆಯ ಊರುಗಳಲ್ಲಿ ಅದು ಹಿಂದಿನಿಂದ ನಡೆದು ಬಂದದ್ದು. ಇವರ ಹೊಲಕ್ಕೆ ಅವರು ಒಂದು ದಿನ ಬಂದರೆ ಅವರ ಹೊಲಕ್ಕೆ ಇವರು ಒಂದು ದಿನ ಹೋಗಬೇಕು. ದುಡ್ಡಿನ ಮಾತಿಲ್ಲ, ಮಧ್ಯಾಹ್ನದ ಊಟ, ಸಂಜೆಗೆ ಎಲೆ ಅಡಿಕೆ. ಬೈರಮ್ಮ ಹುರಿಹಿಟ್ಟು ಮಾಡಲು ಶುರುಮಾಡಿದಾಗ ಅದು ಊರಿನ ಬಾಣಂತಿಯರಿಗೆ, ಎಳೆಮಕ್ಕಳಿಗೆ ಅಂತ ಒಂದೆರಡು ಸೇರು. ಕೈ ಸಾಲದೆ ಇದ್ದಾಗ ನಾಗಲಕ್ಷ್ಮಮ್ಮನೂ ಇನ್ನಿಬ್ಬರು ಹೆಂಗಸರೂ ಬಂದು ಹುರಿದುಕೊಡುತ್ತಿದ್ದರು, ಅವರ ಹೊಲದ ಕಳೆಗೆ ಬೈರಮ್ಮ ಹೋಗುತ್ತಿದ್ದಳು. ಆಮೇಲೆ ಮಾಗಡಿಯ ಅಂಗಡಿಯವರು ಕೇಳಿದರು. ಮನೋಹರ ವ್ಯಾನು ಕೊಂಡು ಬೆಂಗಳೂರಿನ ಅಂಗಡಿಗಳಿಗೆ ಹಾಕಲು ಹಿಡಿದ. ಮಿಷನ್ನು ಬಂತು. ಮಾಲು ಊರು ದಾಟಿ ಎಲ್ಲೆಲ್ಲಿಗೋ ಹೋಯಿತು, ಮುಯ್ಯಿ ಮಾತ್ರ ಮೊದಲಿದ್ದ ಹಾಗೇ ಉಳಿಯಿತು. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಭಯ ಮನೆಯೊಳಗೆ ಸೇರಿಕೊಂಡಿತು. ಸ್ವಾಮಿ ಕುದೂರಿನಲ್ಲಿ ಟೀ ಕುಡಿಯುವಾಗ ಯಾರೋ ಯಾವುದೋ ಊರಿನ ಕತೆ ಹೇಳಿದ್ದರು. ಮಿಲ್ಲಿನಲ್ಲಿ ಕೆಲಸದವನ ಕೈ ಹೋಗಿ, ಕೇಸಾಗಿ, ಮಿಲ್ಲಿನವರ ಮನೆ ಜಪ್ತಿಯಾಯಿತಂತೆ.  ಮನೆ, ಮನೆಯ ಹಿಂದಿನ ಹೊಲ ಎರಡೂ ಬೈರಮ್ಮನ ಹೆಸರಿನಲ್ಲಿದ್ದವು. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಬೋರಲಿಂಗಯ್ಯನನ್ನು ಮನೆಅಳಿಯನಾಗಿ ತಂದುಕೊಂಡು ಆಸ್ತಿಯನ್ನು ಮಗಳಿಗೆ ಬರೆದಿದ್ದ. ಹಿಟ್ಟು ಮಾರುವ ಲೈಸೆನ್ಸೂ ಅವಳದೇ ಹೆಸರಿನದು. ಕಾಗದದ ಮೇಲೆ ಯಜಮಾನಿ ಅವಳೇ. ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಸ್ವಾಮಿಯ ಮಗಳು ಪುಟ್ಟಿ ಏನಾದರೂ ಬಾಯಿಬಿಟ್ಟಾಳೆಂದು ಅಂಗನವಾಡಿಗೂ ಕಳಿಸಲಿಲ್ಲ.

"ಅಜ್ಜಿ, ಚಿಕ್ಕಜ್ಜಿ ಬೆರಳು ಮಿಷನ್ನೊಳಗೇ ಐತಾ?" ಎಂದು ಅದು ಕೇಳಿತು.

"ಉಸ್ಸ್. ಮಿಷನ್ನು ಅನ್ಬ್ಯಾಡ," ಎಂದು ಬೈರಮ್ಮ ಅದರ ಬಾಯಿ ಮುಚ್ಚಿದಳು. ಕೂಸು ಅತ್ತ ಮೇಲೆ ತನ್ನ ಕೈ ಅಷ್ಟು ಬಿಗಿಯಾಗಿ ಒತ್ತಿತ್ತೆಂದು ಗೊತ್ತಾಯಿತು.

ಒಂದು ಸಂಜೆ ಎಲ್ಲರೂ ಉಣ್ಣಲು ಕೂತಿದ್ದರು. ಹಿತಕಿದ ಬೇಳೆ ಸಾರು. ಮಾಡಿದ್ದು ಸ್ವಾಮಿಯ ಹೆಂಡತಿ ಧನುಶ್ರೀ. ಯಾರೂ ಚೆನ್ನಾಗಿದೆ ಅನ್ನಲಿಲ್ಲ.

"ಹೋದ ವರ್ಸದಿಂದ ಬಡ್ಕೊಂಡೆ," ಎಂದು ಮನೋಹರ ಶುರುಮಾಡಿದ. "ಪ್ರೈವೇಟ್ ಲಿಮಿಟೆಡ್ ಮಾಡ್ಬುಡವ, ಅಂಗಡಿಯೋರೂ ಅದನ್ನೇ ಕೇಳ್ತಾವ್ರೆ ಅಂತ. ಆಗಿದ್ರೆ ಇವತ್ತು ಏನೇ ಬಂದ್ರೂ ಕಂಪನಿ ತಲೆ ಮ್ಯಾಲೆ. ಈಗ ಎಲ್ಲಾ ಅವ್ವನ ತಲೆ ಮ್ಯಾಲೆ."

"ಕಂಪನಿಗೆ ತಲೆ ಎಲ್ಲೈತ್ಲಾ?" ಎಂದ ಬೋರಲಿಂಗಯ್ಯ. ಅವನು ಆ ಮನೆಯಲ್ಲಿ ಮಾತು ಆಡುವುದೇ ಕಮ್ಮಿ.

"ನಿಂಗೆ ಎಲ್ಲಾ ತಮಾಸೆ ಕಣಪ್ಪ. ಮನೆ ಹೋದಾಗ ಗೊತ್ತಾಯ್ತದೆ."

"ನಂಗೆ ಮನೆ ಎಲ್ಲೈತ್ಲಾ ಹೋಗಾಕೆ?"

ಸ್ವಾಮಿ ತಟ್ಟೆ ನೋಡಿಕೊಂಡೇ ಹೇಳಿದ: "ಕೇಳ್ಕಂಡಾದ್ರೂ ಬರವ. ರಾಮನಗರದಲ್ಲಿ ಒಬ್ರು ಆಡಿಟರ್ ಮೇಡಮ್ಮು ಅವ್ರೆ. ರೇಷ್ಮೆ ಗೂಡಿನ ವ್ಯಾಪಾರದೋರೆಲ್ಲ ಅವ್ರ ತಾವೇ ಹೋಯ್ತಾರೆ."

"ನಾನು ಬರಾಕಿಲ್ಲ," ಎಂದಳು ಬೈರಮ್ಮ.

"ಯಜಮಾನಿ ನೀನೇ ಅಲ್ವಾ. ನೀನು ಬರ್ದೆ ಇನ್ಯಾರವ್ವ ಬರ್ಬೇಕು?"

ಹೋದರು. ತಾಯಿಯೂ ಇಬ್ಬರು ಮಕ್ಕಳೂ ಮಾಗಡಿಯಲ್ಲಿ ಬಸ್ಸು ಬದಲಾಯಿಸಿ ರಾಮನಗರ ತಲುಪುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಆಡಿಟರ್ ಕೆಹಕಶಾನ್ ಅವರ ಆಫೀಸು ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಸ್ವಾಮಿಯ ವಾರಿಗೆಯ ಹೆಣ್ಣುಮಗಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ಮೊದಲು ಮೂವರಿಗೂ ನೀರು ಕೊಡಿಸಿ, ಬೈರಮ್ಮನ ಕಡೆಗೇ ತಿರುಗಿ ಮಾತಾಡಿದರು.

"ಕಂಪನಿ ಅಂದ್ರೆ ಕಾನೂನಿನ ಕಣ್ಣಿಗೆ ಬೇರೆ ಒಬ್ಬ ಮನುಷ್ಯ ಇದ್ದ ಹಾಗೆ ಅಮ್ಮ. ಅದರ ಸಾಲ ಅದರದ್ದು, ಆಸ್ತಿ ಅದರದ್ದು. ವ್ಯಾಪಾರ ಮುಳುಗಿದ್ರೆ ನೀವು ಅದಕ್ಕೆ ಹಾಕಿದ ಬಂಡವಾಳ ಹೋಗುತ್ತೆ. ಸಾಮಾನ್ಯವಾಗಿ ಮನೆಗೆ ಕೈ ಹಾಕೋಕೆ ಆಗಲ್ಲ. ಆದ್ರೆ ಬ್ಯಾಂಕ್ ಸಾಲಕ್ಕೆ ನೀವೇ ಜಾಮೀನು ನಿಂತ್ರೆ ಆಗ ಮಾತು ಬೇರೆ."

"ಆ ಮನುಸ ಸತ್ತೋದ್ರೆ?"

"ಅದು ತಾನಾಗೇ ಸಾಯಲ್ಲ. ನೀವು ಹೋದ್ರೂ ಅದು ಇರುತ್ತೆ. ಬೇಡ ಅಂದ್ರೆ ನಾವೇ ಮುಚ್ಚಬೇಕು."

ಹಸಿವಿಲ್ಲ, ಸಾವಿಲ್ಲ, ಮಣ್ಣಿಗೆ ಹೋಗುವುದಿಲ್ಲ. ಅಂಥದೊಂದು ತನ್ನ ಕೊಟ್ಟಿಗೆಯಲ್ಲಿ ಬಂದು ಕೂರುವುದನ್ನು ನೆನೆದು ಬೈರಮ್ಮ ಸೆರಗು ಹೊದ್ದುಕೊಂಡಳು.

"ಮೇಡಂ, ಹಿಂದಿನ ತಾರೀಕಿಗೆ ಕಂಪನಿ ಮಾಡಾಕಾಯ್ತದಾ?" ಎಂದು ಮನೋಹರ ಕೇಳಿದ.

ಕೆಹಕಶಾನ್ ಅವನನ್ನು ನೋಡಿದರು. "ಇಲ್ಲ. ಕೂಸು ಹುಟ್ಟೋಕೆ ಮುಂಚೆ ಆದದ್ದನ್ನ ಕೂಸಿನ ತಲೆಗೆ ಕಟ್ಟೋಕಾಗುತ್ತಾ? ಯಾಕೆ, ಏನಾದ್ರೂ ಆಗಿದೆಯಾ?"

"ಇಲ್ಲ ಇಲ್ಲ. ಸುಮ್ನೆ ಕೇಳ್ದೆ."

"ಸರಿ. ಕೆಲಸಕ್ಕೆ ಎಷ್ಟು ಜನ ಇದ್ದಾರೆ?"

"ಕೆಲಸದೋರು ಯಾರೂ ಇಲ್ಲ," ಎಂದ ಸ್ವಾಮಿ. "ಮುಯ್ಯಾಳು ಬತ್ತಾರೆ."

ಬೈರಮ್ಮ ಮುಯ್ಯಾಳು ಅಂದರೇನೆಂದು ಬಿಡಿಸಿ ಹೇಳಿದಳು. ಅವರ ಹೊಲಕ್ಕೆ ನಾನು, ನಮ್ಮನೆಗೆ ಅವರು. ಹೇಳುತ್ತ ಹೇಳುತ್ತ ಅವಳ ದನಿಗೆ ಸ್ವಲ್ಪ ಧೈರ್ಯ ಬಂತು. ಕೆಹಕಶಾನ್ ಪೂರ್ತಿ ಕೇಳಿ ನಕ್ಕರು, ಬೇಸರದ ನಗು.

"ನಮ್ಮಜ್ಜಿ ಮನೇಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಪಕ್ಕದ ಮನೆಯವರೆಲ್ಲ ಹಾಗೇ ಬರ್ತಿದ್ರು. ಆದ್ರೆ ಕಂಪನಿಗೆ ಮುಯ್ಯಾಳು ಇಲ್ಲ ಅಮ್ಮ. ಅದು ಯಾರ ಹೊಲಕ್ಕೆ ಹೋಗಿ ಕಳೆ ಕೀಳುತ್ತೆ ಹೇಳಿ? ಬಂದವರ ಹೆಸರು ಬರೆದು ಸಂಬಳ ಕೊಡಬೇಕು, ಕೈಕಾಲಿಗೆ ಏನಾದ್ರೂ ಆದ್ರೆ ಪರಿಹಾರ ಕೊಡಬೇಕು, ಮಿಷನ್ನಿಗೆ ತಡೆ ಗಿಡೆ ಎಲ್ಲ ಸರಿಯಾಗಿರಬೇಕು. ಬೇಕಂತಲೇ ಅದನ್ನ ಬಿಟ್ರೆ ಕಂಪನಿ ಹಿಂದೆ ಬಚ್ಚಿಟ್ಕೊಳ್ಳೋಕೂ ಆಗಲ್ಲ."

ಸ್ವಾಮಿ ಎದ್ದು ಹೊರಗೆ ಹೋದ. ಬೈರಮ್ಮ ಮೆಟ್ಟಿಲು ಇಳಿಯುವಾಗ ಅವನು ಗೋಡೆ ಹಿಡಿದುಕೊಂಡು ನಿಂತಿದ್ದ, ಅಂಗಿಯ ಬೆನ್ನೆಲ್ಲ ಒದ್ದೆಯಾಗಿತ್ತು.

ಬಸ್ಸಿನಲ್ಲಿ ಮನೋಹರ ತಾಯಿಯ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ: "ನಾನು ಒಂದು ದಾರಿ ನೋಡಿವ್ನಿ ಅವ್ವ. ಹಬ್ಬ ಕಳೀಲಿ. ಮಾಗಡೀಲಿ ರಿಜಿಸ್ಟರ್ ಆಫೀಸಿಗೆ ಹೋಗಿ ಮನೆ, ಹೊಲ ನಮ್ಮಿಬ್ರ ಹೆಸ್ರಿಗೆ ಬರ್ದುಬುಡು. ಮಿಷನ್ನು, ವ್ಯಾನು ಕಂಪನಿಗೆ ಹಾಕ್ಬುಡವ. ಆಮ್ಯಾಕೆ ಯಾರು ಏನ್ ಕೇಸು ತಂದ್ರೂ ನಿನ್ ಹೆಸ್ರಲ್ಲಿ ಏನೂ ಇರಾಕಿಲ್ಲ."

"ನಾಗಲಕ್ಷ್ಮಿ ಏನಾದ್ರೂ ಕೇಳಿದ್ರೆ?"

"ಏನ್ ಕೇಳ್ತಾಳೆ? ನಿನ್ ತಾವ ಏನೈತೆ ಕೊಡಾಕೆ?"

ಬೈರಮ್ಮ ಕಿಟಕಿಯ ಕಡೆ ತಿರುಗಿದಳು. ಮಗ ಹೇಳಿದ್ದು ಕೆಟ್ಟದ್ದು ಅನ್ನಿಸಿತು. ಎದೆ ಸ್ವಲ್ಪ ಹಗುರವೂ ಆಯಿತು. ಹಗುರವಾದದ್ದಕ್ಕೇ ಇನ್ನೂ ಹೆದರಿದಳು.

ಸಂಕ್ರಾಂತಿ ಹತ್ತಿರ ಬಂತು. ಮನೆಯಲ್ಲಿ ಎಳ್ಳು ಹುರಿಯುವ ಸದ್ದಿಲ್ಲ. ಅತ್ತೆ ಸೊಸೆ ಜಗಲಿಯ ಮೇಲೆ ಕೂತು ಅವರೆ ಸುಲಿಯುತ್ತಿದ್ದಾಗ ಬೈರಮ್ಮ ರಿಜಿಸ್ಟರ್ ಆಫೀಸಿನ ಮಾತು ಎತ್ತಿದಳು.

"ನೀವು ಬರೆದುಕೊಡ್ತೀರಾ ಅತ್ತೆ?" ಎಂದು ಧನುಶ್ರೀ ಕೇಳಿದಳು.

"ನಿನ್ ಗಂಡನ ಹೆಸ್ರಿಗೇ ಬರೋದು ಕಣಮ್ಮ. ನಿಂಗ್ಯಾಕೆ ಬ್ಯಾಸ್ರ?"

"ನನಗೆ ಆಸ್ತಿ ಬೇಡ ಅಂತೀನಾ? ಬೇಕು. ಕಂಪನಿ ಮಾಡೋದೂ ತಪ್ಪಲ್ಲ. ಮೊದಲೇ ಮಾಡಿ, ತಡೆ ಹಾಕಿ, ಬಂದವರಿಗೆ ಸಂಬಳ ಕೊಟ್ಟಿದ್ರೆ ನಾಗಲಕ್ಷ್ಮತ್ತೆ ಬೆರಳು ಉಳೀತಿತ್ತು. ಈಗ ಮಾಡ್ತಿರೋದು ವ್ಯಾಪಾರಕ್ಕಲ್ಲ, ಅವರಿಗೆ ಏನೂ ಸಿಗಬಾರದು ಅಂತ."

"ಅವ್ಳೇನು ಪರಕೀಯಳಾ? ನಾನು ಅವ್ಳಿಗೆ ಮುಯ್ಯಿ ಕೊಟ್ಟಿಲ್ವಾ? ಈ ಸುಗ್ಗೀಲೂ ಅವ್ಳ ಹೊಲ್ದಲ್ಲಿ ಬಗ್ಗಿ ಕೊಯ್ದಿವ್ನಿ."

"ಕೊಯ್ದಿದ್ದೀರಿ. ಆದ್ರೆ ಅವರ ರಾಗಿ ಅವರ ಮನೆ ಮುದ್ದೆಗೆ. ಅವರು ಇಲ್ಲಿ ನಿಂತು ಬೀಸಿದ ಹಿಟ್ಟು ಬೆಂಗಳೂರಿನ ಅಂಗಡೀಲಿ ಮಾರಾಟ ಆಗೋದು. ಹೊಲದಲ್ಲಿ ಹೊತ್ತು ಮುಳುಗೋದ್ರೊಳಗೆ ಮುಗೀತಿತ್ತು. ಇಲ್ಲಿ ಲೋಡು ಮುಗಿಯೋವರೆಗೂ ನಿಲ್ಲಿಸ್ಕೊಂಡಿದ್ವಿ. ಮುಯ್ಯಿ ಅಂತ ಕರೆದ್ರೆ ಸರಿಹೋಗುತ್ತಾ ಅತ್ತೆ?"

ಬೈರಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಬಿಸಾಡಿದಳು. "ನೀನೂ ಆ ಹಿಟ್ಟಿನ ದುಡ್ಡಲ್ಲೇ ಉಂಡೋಳು."

"ಹೂಂ. ಅದಕ್ಕೇ ನನಗೂ ಹೆದರಿಕೆ ಆಗ್ತಿರೋದು," ಎಂದಳು ಧನುಶ್ರೀ. ಅವಳ ಕಣ್ಣು ತುಂಬಿತ್ತು. ಎದ್ದು ಒಳಗೆ ಹೋದಳು.

ಆ ದಿನ ಇಳಿಹೊತ್ತಿನಲ್ಲಿ ಬೈರಮ್ಮ ಒಂದು ಟಿಫಿನ್ ಡಬ್ಬಿಯಲ್ಲಿ ಸಾರು ಹಾಕಿಕೊಂಡು ನಾಗಲಕ್ಷ್ಮಮ್ಮನ ಮನೆಗೆ ಹೋದಳು. ಆಸ್ಪತ್ರೆಯಿಂದ ಬಂದ ಮೇಲೆ ಬೇಲಿಯಾಚೆಯಿಂದ ಮಾತಾಡಿಸಿದ್ದೇ ಹೆಚ್ಚು, ಒಳಗೆ ಕಾಲಿಟ್ಟಿರಲಿಲ್ಲ. ನಾಗಲಕ್ಷ್ಮಮ್ಮ ಗಂಡನಿಲ್ಲದವಳು, ಒಬ್ಬನೇ ಮಗ ಮನು ನೆಲಮಂಗಲದ ಕಡೆ ಒಂದು ಗೋಡೌನಿನಲ್ಲಿ ಸಾಮಾನು ಇಳಿಸುವ ಕೆಲಸಕ್ಕಿದ್ದ. ಅವಳು ಒಲೆಯ ಮುಂದೆ ಕೂತು ಎಡಗೈಯಲ್ಲಿ ಕೋಲು ಹಿಡಿದು ಮುದ್ದೆ ತಿರುವಲು ಹೆಣಗುತ್ತಿದ್ದಳು. ಕೋಲು ಜಾರುತ್ತಿತ್ತು, ಪಾತ್ರೆ ಸುತ್ತುತ್ತಿತ್ತು, ಹಿಟ್ಟು ಗಂಟುಗಂಟಾಗಿತ್ತು.

"ಬಿಡು, ನಾನು ತಿರುವ್ತೀನಿ," ಎಂದು ಬೈರಮ್ಮ ಕೋಲು ತೆಗೆದುಕೊಂಡಳು.

"ಗಂಟೇ ಉಣ್ತಾ ಅಭ್ಯಾಸ ಆಗೋಗದೆ ಬೈರಕ್ಕ. ನಾಯಿಗೂ ಹಾಕಿದ್ದೆ. ಅದು ಮೂಸಿ, ನನ್ ಮಕ ನೋಡಿ ಹೋಯ್ತು," ಎಂದು ನಾಗಲಕ್ಷ್ಮಮ್ಮ ನಕ್ಕಳು.

ಬೈರಮ್ಮನಿಗೆ ನಗು ಬರಲಿಲ್ಲ. ಮುದ್ದೆ ಕಟ್ಟಿ ತಟ್ಟೆಗಿಟ್ಟು, ಕೇಳಬಾರದೆಂದುಕೊಂಡು ಬಂದದ್ದನ್ನೇ ಕೇಳಿದಳು. "ಮನುಗೆ ಏನಂತ ಹೇಳಿದ್ದೀ?"

"ಮೊದ್ಲು ಮೇವಿನ ಮಿಷನ್ನು ಅಂತ್ಲೇ ಅಂದೆ. ನಮ್ಮನೇಲಿ ಮೇವಿನ ಮಿಷನ್ನೇ ಇಲ್ವಲ್ಲವ್ವ ಅಂದ. ಇನ್ನೇನ್ ಹೇಳ್ಲಿ? ಇದ್ದಿದ್ದ ಹೇಳ್ದೆ."

ಬೈರಮ್ಮ ಕೋಲು ಕೆಳಗಿಟ್ಟಳು. "ಏನಂದ?"

"ಏನೂ ಅನ್ಲಿಲ್ಲ. ಹಬ್ಬಕ್ಕೆ ಬತ್ತೀನಿ ಅಂದ."

ಹಬ್ಬದ ದಿನ ಊರವರು ದನಗಳಿಗೆ ಕಿಚ್ಚು ಹಾಯಿಸಿದರು. ಬೈರಮ್ಮನ ಮನೆಯ ಹಸುಗಳನ್ನು ಬೋರಲಿಂಗಯ್ಯ ಒಬ್ಬನೇ ಹಿಡಿದುಕೊಂಡು ಹೋಗಿ ಬಂದ. ಮನು ಬಂದಿದ್ದಾನೆ, ಬಸ್ಸಿಳಿದದ್ದು ಕಂಡೆ ಎಂದ. ಮನೋಹರ ವ್ಯಾನಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮುಂಬಾಗಿಲಲ್ಲೇ ಕೂತ. ಸ್ವಾಮಿ ಜ್ವರ ಅಂತ ಮಲಗಿದ. ಅವತ್ತು ಯಾರೂ ಬರಲಿಲ್ಲ.

ಮರುದಿನ ಬೆಳಗ್ಗೆ ಹೊಸಿಲು ಸಾರಿಸುತ್ತಿದ್ದ ಬೈರಮ್ಮ ತಲೆ ಎತ್ತಿದಾಗ ಎದುರಿಗೆ ಮನು ನಿಂತಿದ್ದ. ತಲೆಗೆ ಟವೆಲು ಸುತ್ತಿದ್ದ, ಹಳೆಯ ಅಂಗಿ ಹಾಕಿದ್ದ. 

"ದೊಡ್ಡವ್ವ, ಮಿಷನ್ನು ಎಲ್ಲೈತೆ?"

"ಯಾಕಪ್ಪ?"

"ಅವ್ವಂದು ಇನ್ನೂ ಎರಡು ದಿನ ಬಾಕಿ ಐತಂತೆ. ಸುಗ್ಗೀಲಿ ನೀವು ಬಂದಿದ್ರಂತಲ್ಲ, ಆ ಮುಯ್ಯಿ. ಅವಳಿಗೆ ಈಗ ಆಗಾಕಿಲ್ಲ. ನಂಗೆ ಎರಡು ದಿನ ರಜ ಐತೆ. ತೀರಿಸಿ ಬಾ ಅಂದ್ಲು."

ಸಗಣಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಬೈರಮ್ಮ ಎದ್ದು ನಿಂತಳು. ಮನೋಹರ ಒಳಗಿಂದ ಬಂದ. "ಏನ್ ಆಟ ಕಟ್ಟಿದ್ದೀಯಾ ಮನು? ಕೇಳೋದಿದ್ರೆ ನೇರ ಕೇಳ್ಲಾ."

"ಕೇಳೋದೇನೈತಣ್ಣ? ಮಾಡಾಕೆ ಬಂದಿವ್ನಿ."

ಕೊಟ್ಟಿಗೆಗೆ ಹೋದ. ಗೋಡೆಗೊರಗಿದ್ದ ಕಬ್ಬಿಣದ ತಡೆಯನ್ನು ಕಂಡ. ಯಾರನ್ನೂ ಏನೂ ಕೇಳದೆ ಸ್ಪ್ಯಾನರು ಹುಡುಕಿ ತಂದು, ಮಂಡಿಯೂರಿ ಕೂತು, ಅದನ್ನು ಅದರ ಜಾಗಕ್ಕೆ ಬಿಗಿದ. ಆಮೇಲೆ ಮಿಷನ್ನಿನ ಗುಂಡಿ ಒತ್ತಿದ. ಅಷ್ಟು ದಿನ ನಿಂತಿದ್ದ ಸದ್ದು ಮತ್ತೆ ಎದ್ದಾಗ ಒಳಮನೆಯಲ್ಲಿ ಸ್ವಾಮಿ ಎದ್ದು ಕೂತು ಕಿವಿ ಮುಚ್ಚಿಕೊಂಡ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬೈರಮ್ಮ ಮನುವಿನ ಕೈಯಿಂದ ಕಣ್ಣು ತೆಗೆಯಲಿಲ್ಲ. 

ಮಧ್ಯಾಹ್ನ ಧನುಶ್ರೀ ಮುಯ್ಯಾಳಿಗೆ ಬಡಿಸುವ ಹಾಗೆ ಎಲೆ ಹಾಕಿ ಬಡಿಸಿದಳು. ಮುದ್ದೆ, ಅವರೆಕಾಳು ಸಾರು, ಮೇಲೆ ಒಂದು ಚಮಚ ತುಪ್ಪ. ಮನು ಹಸಿದಿದ್ದ, ಚೆನ್ನಾಗಿ ಉಂಡ.

"ನಿಮ್ಮ ಗೋಡೌನಲ್ಲಿ ಕೆಲಸ ಹೆಂಗೈತಪ್ಪ?" ಎಂದು ಬೋರಲಿಂಗಯ್ಯ ಮಾತು ತೆಗೆದ.

"ಐತೆ ದೊಡ್ಡಪ್ಪ. ಹೋದ ತಿಂಗಳು ನನ್ ಜೊತೆಯೋನ ಕಾಲ ಮ್ಯಾಲೆ ಪೆಟ್ಟಿಗೆ ಬಿತ್ತು. ಕಂಪನಿಯೋರು, ಅಂವ ನಮ್ಮೋನಲ್ಲ, ಏಜೆನ್ಸಿಯೋನು ಅಂದ್ರು. ಏಜೆನ್ಸಿಯೋರು, ಅವತ್ತು ಅಂವ ರಜ ಹಾಕಿದ್ದ ಅಂದ್ರು." ಮನು ಎಲೆಯ ಮೇಲಿನ ಕಾಳು ಬಳಿದುಕೊಂಡ. "ಅಂವ ಅವತ್ತು ಎಲ್ಲಿದ್ದ ಅನ್ನೋದೇ ಗೊತ್ತಾಗ್ಲಿಲ್ಲ ಯಾರ್ಗೂ. ನಮ್ಮವ್ವನೂ ಹಂಗೇ. ಆಸ್ಪತ್ರೇಲಿ ಕೇಳಿದ್ರೆ ನಮ್ಮನೇಲಿದ್ದಳು. ನಮ್ಮನೇಲಿ ಕೇಳಿದ್ರೆ ನಿಮ್ಮನೇಲಿದ್ದಳು."

 ಪುಟ್ಟಿ ಅಜ್ಜಿಯ ಹಿಂದೆ ಅವಿತುಕೊಂಡಿತು.

"ಕೇಸು ಹಾಕ್ತೀಯಾ ಮನು?" ಎಂದು ಬೈರಮ್ಮ ಕೇಳಿದಳು. 

"ಅವ್ವ ಬ್ಯಾಡ ಅಂದವ್ಳೆ. ಅವಳು ಹಂಗೇ. ನಂಗೆ ಗೊತ್ತಿಲ್ಲ ದೊಡ್ಡವ್ವ. ಅವಳ ಕೈ ನೋಡ್ದಾಗೊಂದು ಮನಸು, ನಿಮ್ಮ ಮಕ ನೋಡ್ದಾಗೊಂದು ಮನಸು." ಎದ್ದು ಕೈ ತೊಳೆದು ಮತ್ತೆ ಕೊಟ್ಟಿಗೆಗೆ ಹೋದ.

ಎರಡನೆಯ ದಿನವೂ ಬಂದ, ಬಾಕಿ ತೀರಿಸಿದ, ಎಲೆ ಅಡಿಕೆ ಇಸಿದುಕೊಂಡು ಹೋದ. ಅವನು ಬೀದಿ ತಿರುಗುವುದನ್ನೇ ಕಾಯುತ್ತಿದ್ದವನಂತೆ ಮನೋಹರ ಹೇಳಿದ: "ಕೇಳ್ದ್ಯಾ ಅವ್ವ? ಅಂವ ಇನ್ನೂ ತೀರ್ಮಾನ ಮಾಡಿಲ್ಲ. ನಾಳೆ ಮಾಗಡಿಗೆ ಹೋಗಿ ರಿಜಿಸ್ಟರ್ ಮುಗಿಸ್ಬುಡವ. ಕಂಪನಿ ಕಾಗದಕ್ಕೂ ಸೈನು ಹಾಕು."

"ಹಾಕಾಕಿಲ್ಲ."

"ಏನು?"

"ಮನೆ ಬರೆಯಾಕಿಲ್ಲ. ಅವ್ಳ ಕೈಗೊಂದು ದಾರಿ ಆಗೋಗಂಟ ನಿನ್ ಕಂಪನಿಗೂ ಸೈನು ಹಾಕಾಕಿಲ್ಲ. ನಾಳೆ ನಾನು ನಾಗಲಕ್ಷ್ಮಿನ ಕರ್ಕಂಡು ಕುದೂರು ಸ್ಟೇಷನ್ನಿಗೆ ಹೋಯ್ತೀನಿ. ನಮ್ಮನೆ ಮಿಷನ್ನಲ್ಲೇ ಆಗಿದ್ದು ಅಂತ ಹೇಳ್ತೀನಿ."

ಮನೋಹರ ಅವಳ ಎದುರಿಗೆ ಬಂದು ನಿಂತ. "ಆಸ್ಪತ್ರೇಲಿ ಸುಳ್ಳು ಬರೆಸ್ದೋನು ನಾನು ಕಣವ್ವ. ನನ್ನ ಒಳೀಕೆ ಹಾಕುಸ್ತೀಯಾ?"

ಬೈರಮ್ಮ ಕಂಬ ಹಿಡಿದು ಕೂತಳು. ಮನೆ ಹೋಗುವುದರ ಬಗ್ಗೆ ಅವಳು ಅಷ್ಟು ದಿನ ಹೆದರಿದ್ದಳು. ಈ ಹೆದರಿಕೆಯ ಮುಂದೆ ಅದು ಏನೂ ಅಲ್ಲ.

"ನಾನೂ ವ್ಯಾನಲ್ಲೇ ಇದ್ದೆ ಕಣ್ಲಾ. ಕೇಳಿಸ್ಕಂಡು ಸುಮ್ಕಿದ್ದೆ. ಹಾಕಿದ್ರೆ ನನ್ನೂ ಹಾಕ್ಲಿ."

"ತಡೆ ಬಿಚ್ಚಿದೋನು ನಾನು," ಎಂದ ಸ್ವಾಮಿ ಒಳಬಾಗಿಲಿಂದ. "ನನ್ ಹೆಸ್ರನ್ನೂ ಹೇಳವ್ವ. ಇಲ್ದಿದ್ರೆ ನಂಗೆ ಹುಚ್ಚು ಹಿಡೀತದೆ. ಆ ಮಿಷನ್ನು ಮಾರ್ಬುಡವ. ಬಂದಿದ್ದ ಚಿಕ್ಕವ್ವನ ಕೈಗೆ ಕೊಡವ."

"ಎಲ್ರಿಗೂ ತಲೆ ಕೆಟ್ಟದೆ!" ಮನೋಹರ ತಂದೆಯ ಕಡೆ ತಿರುಗಿದ. "ಅಪ್ಪ, ನೀನಾದ್ರೂ ಒಸಿ ಹೇಳು."

ಬೋರಲಿಂಗಯ್ಯ ಬೀಡಿ ಆರಿಸಿದ. "ಮನೆ ಅವ್ಳದು. ಅವ್ಳು ಹೇಳ್ದಂಗೆ," ಎಂದ. ಹೆಂಡತಿಯ ಕಡೆ ತಿರುಗಿ ಹೇಳಿದ: "ನಾನೂ ಬತ್ತೀನಿ. ಮೊದಲ್ನೇ ಬಸ್ಸಿಗೇ ಹೋಗವ."

ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ತುಂಬಾ ಹೊತ್ತು ಕೂರಬೇಕಾಯಿತು. ನಾಗಲಕ್ಷ್ಮಮ್ಮ ಬೈರಮ್ಮನ ಕಿವಿಯಲ್ಲಿ, "ಬೈರಕ್ಕ, ಈಗ್ಲೂ ಎದ್ದೋಗವ, ನಾನೇನೂ ಕೇಳ್ನಿಲ್ವಲ್ಲ," ಎನ್ನುತ್ತಲೇ ಇದ್ದಳು. ಬರೆದುಕೊಳ್ಳುವ ಪೊಲೀಸರು ಕೇಳಿದಾಗ ಬೈರಮ್ಮ ಎಲ್ಲ ಹೇಳಿದಳು. ಮಿಷನ್ನು, ತಡೆ, ವ್ಯಾನಿನಲ್ಲಿ ಆಡಿದ ಮಾತು. ಮನೋಹರನ ಹೆಸರು ಹೇಳುವಾಗ ನಾಲಿಗೆ ಒಂದು ಸಲ ನಿಂತಿತು.

"ಕೂಲಿ ಕೊಡ್ತಿದ್ರಾ?"

"ಇಲ್ಲ ಸಾರ್. ಮುಯ್ಯಿ."

ಅವರು ಪೆನ್ನು ಎತ್ತಿ ಅವಳನ್ನು ನೋಡಿ, ಏನೋ ಬರೆದುಕೊಂಡರು. ಬೈಯಲಿಲ್ಲ, ಹೆದರಿಸಲಿಲ್ಲ. "ವಿಚಾರಣೆ ಆಗ್ಬೇಕು. ಪರಿಹಾರಕ್ಕೆ ರಾಮನಗರದಲ್ಲಿ ಕಾರ್ಮಿಕ ಇಲಾಖೆಗೂ ಅರ್ಜಿ ಕೊಡಿ. ಈಗ ಹೋಗಿ. ಬೇಕಾದಾಗ ಕರೀತೀವಿ," ಎಂದರು.

ಅಷ್ಟೇ. ಬಾಗಿಲ ಹೊರಗೆ ಬಿಸಿಲು ಹೊಳೆಯುತ್ತಿತ್ತು. ಎದೆಯ ಭಾರ ಇಳಿಯುತ್ತದೆಂದುಕೊಂಡಿದ್ದಳು ಬೈರಮ್ಮ; ಇಳಿಯಲಿಲ್ಲ. ಮೊದಲು ಬೈಕಿನ ಸದ್ದಿಗೆ ಹೆದರುತ್ತಿದ್ದಳು, ಈಗ ಫೋನಿನ ಸದ್ದಿಗೂ ಹೆದರಿದಳು. ಆದರೆ ದಿನವೂ ಹೊತ್ತಾರೆ ನಾಗಲಕ್ಷ್ಮಮ್ಮನ ಮನೆಗೆ ಹೋಗಿ ಮುದ್ದೆ ತಿರುವಿ ಬಂದಳು.

ಕನಕಪುರದಾಚೆಯ ಉಯ್ಯಂಬಳ್ಳಿಯಿಂದ ಮುಕ್ತಿಯಾರ್ ಎಂಬ ಮಿಲ್ಲಿನವನು ಬಂದು ಮಿಷನ್ನು ನೋಡಿ ಒಪ್ಪಿದ. ಬೆಂಗಳೂರಿನ ಅಂಗಡಿಗಳನ್ನೆಲ್ಲ ಬಲ್ಲ ಮನೋಹರನ ಜೊತೆ ಜಗಲಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದ. ವ್ಯಾನು ಮೊದಲೇ ಮಾರಿ ಹೋಗಿತ್ತು. ಎರಡರ ದುಡ್ಡನ್ನೂ ಸ್ವಾಮಿ ಒಯ್ದು ನಾಗಲಕ್ಷ್ಮಮ್ಮನ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ, ಮನು ಬಂದು ಎತ್ತಿಟ್ಟುಕೊಂಡ. ಕೇಸು ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಧನುಶ್ರೀ ಮಾತ್ರ ಒಂದು ದಿನ ಹೇಳಿದಳು: "ಇದೆಲ್ಲ ಮುಗೀಲಿ ಅತ್ತೆ. ಆಮೇಲೆ ಸಣ್ಣದಾಗಿ ಶುರುಮಾಡೋಣ. ಕಂಪನಿನೇ ಮಾಡೋಣ. ಆದ್ರೆ ಬಂದವರಿಗೆ ಸಂಬಳ."

"ಮುಗೀಲಿ," ಎಂದಳು ಬೈರಮ್ಮ. ಯಾವಾಗ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮಿಷನ್ನು ಒಯ್ಯಲು ಟೆಂಪೋ ಬಂತು. ನಾಲ್ವರು ಸೇರಿ ಹಲಗೆ ಕೊಟ್ಟು ಹತ್ತಿಸಿ ಹಗ್ಗ ಕಟ್ಟಿದರು. ಮನೋಹರ ಒಳಗಿಂದ ಒಂದು ಚೀಲ ಹಿಡಿದುಕೊಂಡು ಬಂದು ಡ್ರೈವರನ ಪಕ್ಕಕ್ಕೆ ಹತ್ತಿ ಕೂತಾಗಲೇ ಬೈರಮ್ಮನಿಗೆ ಗೊತ್ತಾದದ್ದು.

"ಎಲ್ಲೀಗ್ಲಾ?"

"ಉಯ್ಯಂಬಳ್ಳಿಗೆ. ಮುಕ್ತಿಯಾರಣ್ಣನ ಜೊತೆ. ಕಂಪನಿ ಮಾಡ್ತಾವ್ರೆ, ನನ್ನೂ ಸೇರಿಸ್ಕತಾರೆ." ಅವನು ಮುಂದಿನ ಗಾಜಿನ ಕಡೆಯೇ ನೋಡುತ್ತಿದ್ದ.

"ಉಂಡಾದ್ರೂ ಹೋಗು."

"ಹಸಿವಿಲ್ಲ."

ಟೆಂಪೋ ಕೆಮ್ಮಿ ಸ್ಟಾರ್ಟಾಯಿತು. ಬೈರಮ್ಮ ಬಾಗಿಲಿನ ಕಬ್ಬಿಣ ಹಿಡಿದುಕೊಂಡು ಎರಡು ಹೆಜ್ಜೆ ಜೊತೆಗೆ ನಡೆದಳು. "ಮತ್ತೆ ಯಾವಾಗ ಬತ್ತೀಯಪ್ಪ?"

"ಸ್ಟೇಷನ್ನೋರು ಕರೆದ್ರೆ ಬತ್ತೀನಿ," ಎಂದ ಮನೋಹರ.